ಬೂದಿ, ಬದನೆ, ಶಾಯಿ

ಮಗಳಿಗೆ ಒಂದು ವರ್ಷ ಹತ್ತು ತಿಂಗಳಾಗಿದ್ದಾಗ ಮಧುಗಿರಿಯ ಡಾಕ್ಟರು ನಮಗೆ ಮೂರು ಮಾತು ಹೇಳಿದರು. ಅವಳನ್ನು ಅಳಲು ಬಿಡಬಾರದು. ಬಾಯಾರಲು ಬಿಡಬಾರದು. ಉಗುರಿನ ಮೇಲೆ ಸದಾ ಕಣ್ಣಿಟ್ಟಿರಬೇಕು.

ಅವಳ ಹೃದಯದ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿತ್ತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿತ್ತು. ಅತ್ತಾಗ, ನಾಲ್ಕು ಹೆಜ್ಜೆ ಓಡಿದಾಗ, ಕೆಲವು ಸಲ ಹಾಲು ಕುಡಿದು ಸುಮ್ಮನೆ ಕೂತಿದ್ದಾಗಲೂ ಆ ದಾರಿ ಇನ್ನಷ್ಟು ಬಿಗಿದು ಮೈ ನೀಲಿಗಟ್ಟುತ್ತಿತ್ತು. ಆಗ ಅವಳನ್ನು ಎತ್ತಿಕೊಂಡು, ಎರಡೂ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯಬೇಕಿತ್ತು. ಹಾಗೆ ಹಿಡಿದರೆ ಸ್ವಲ್ಪ ಹೊತ್ತಿಗೆ ಬಣ್ಣ ಇಳಿಯುತ್ತಿತ್ತು. ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರವನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಳತೆಗೆ ಇದ್ದದ್ದು ಉಗುರು ಒಂದೇ.

"ಬೆಂಗಳೂರಿನೋರು ಕೇಳೋದು ಇಷ್ಟೇ," ಅಂದರು ಡಾಕ್ಟರು. "ವಾರಕ್ಕೆ ಎಷ್ಟು ಸಲ ಹಿಂಗಾಗ್ತದೆ, ಎಷ್ಟು ಹೊತ್ತು ಇರ್ತದೆ. ಜಾಸ್ತಿ ಆಗ್ತಾ ಇದ್ರೆ ಕಾಯೋ ಹಂಗಿಲ್ಲ, ಆಪರೇಷನ್ ಆಗ್ತದೋ ಇಲ್ವೋ ಈಗಲೇ ನೋಡ್ಬೇಕು. ಇಲ್ಲ ಅಂದ್ರೆ ಮಗು ಇನ್ನೊಂದಿಷ್ಟು ತೂಕ ಕಟ್ಟಲಿ ಅಂತಾರೆ. ನೀವು ಪೇಪರ್‌ನೋರು ತಾನೇ, ಬರೆದಿಡಿ."

ನಾನು ಆಗ ಒಂದು ದಿನಪತ್ರಿಕೆಗೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುತ್ತಿದ್ದೆ. ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಗೆ ಸುದ್ದಿಯ ಕವರ್ ಕೊಟ್ಟರೆ ಸಂಜೆ ಹೊತ್ತಿಗೆ ಬೆಂಗಳೂರಿನ ಕಚೇರಿ ಸೇರುತ್ತಿತ್ತು. ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಕಂಡವರು ಯಾರು ಎಂದು ಬರೆಯುವುದು ನನಗೆ ಅಭ್ಯಾಸವಾಗಿತ್ತು. ಒಂದು ಹೊಸ ನೋಟ್‌ಬುಕ್ಕನ್ನು ಮಗಳಿಗಾಗಿ ಎತ್ತಿಟ್ಟೆ.

ಮೊದಲ ಪುಟದಲ್ಲಿ ಬಣ್ಣಗಳಿಗೆ ನಸುನೀಲಿ, ನೀಲಿ, ಕಡುನೀಲಿ ಎಂದು ಬರೆದಿದ್ದೆ. ನನ್ನ ಹೆಂಡತಿ ಅದನ್ನು ಓದಿ, "ನಿಮ್ಮ ನಸು ಯಾವುದೋ, ನನ್ನ ನಸು ಯಾವುದೋ. ನೀವು ಪಾವಗಡದಲ್ಲಿ ಕೂತಿರ್ತೀರಿ, ಬರೆಯೋಳು ನಾನು," ಅಂದಳು. ಅದು ಸರಿಯಾದ ಮಾತು. ಇಬ್ಬರಿಗೂ ಒಂದೇ ಅರ್ಥ ಕೊಡುವ ಹೆಸರುಗಳು ಬೇಕಿದ್ದವು. ಅವಳು ಅಡುಗೆಮನೆಯಲ್ಲಿ ಸುತ್ತ ನೋಡಿ ಎರಡು ಹೆಸರು ಕೊಟ್ಟಳು, ಮೂರನೆಯದನ್ನು ನನ್ನ ಜೇಬಿನ ಪೆನ್ನು ನೋಡಿ ಕೊಟ್ಟಳು. ಬೂದಿ, ಬದನೆ, ಶಾಯಿ. ಬೂದಿ ಯಾವಾಗಲೂ ಇರುತ್ತಿದ್ದದ್ದು. ಬದನೆಯಾದರೆ ಎತ್ತಿಕೊಂಡು ಮೊಣಕಾಲು ಮಡಿಸುವುದು. ಶಾಯಿಯಾದರೆ ಆಸ್ಪತ್ರೆಗೆ ಓಡುವುದು.

"ಬೆಳಿಗ್ಗೆ 7-40. ಹಾಲು ಕುಡಿದ ಮೇಲೆ. ಬದನೆ. ನಾಲ್ಕು ನಿಮಿಷ." "ಸಂಜೆ 5-15. ಬೆಕ್ಕಿನ ಹಿಂದೆ ಓಡಿ. ಬದನೆ. ಆರು ನಿಮಿಷ." ಇಂಥ ಸಾಲುಗಳಿಂದ ಪುಟಗಳು ತುಂಬಿದವು.

ನಾನು ಮನೆಯಲ್ಲಿದ್ದರೆ ಐದೈದು ನಿಮಿಷಕ್ಕೆ ಅವಳ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದೆ. ಇದರಿಂದ ಅವಳಿಗೆ ಒಂದು ಅಭ್ಯಾಸ ಅಂಟಿತು. ಯಾರೇ ಎದುರು ಬಂದು ಕೂತರೂ ಬಲಗೈ ಚಾಚಿ ಬೆರಳು ಬಿಡಿಸುತ್ತಿದ್ದಳು. ಅಂಚೆಯವನಿಗೂ ಚಾಚಿದಳು. ಹಾಲಿನವಳಂತೂ, "ಏನ್ ಕೇಳ್ತದೆ ಕಣಮ್ಮ ಇದು? ಬಂದೋರ್ಗೆಲ್ಲ ಕೈ ಒಡ್ತದೆ!" ಎಂದು ನಕ್ಕು, ಮರುದಿನ ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ತಂದು ಅಂಗೈಗೆ ಇಟ್ಟಳು. ಮಗಳು ಬೆಲ್ಲ ಬಾಯಿಗೆ ಹಾಕಿಕೊಂಡು ಕೈಯನ್ನು ಮತ್ತೆ ಚಾಚಿದಳು. ಉಗುರು ನೋಡುವುದು ಇನ್ನೂ ಆಗಿರಲಿಲ್ಲವಲ್ಲ.

ಬೆಂಗಳೂರಿಗೆ ಹೋಗುವ ಮುಂಚೆ ಎದೆಯ ಎಕ್ಸ್‌ರೇ ಬೇಕಿತ್ತು. ಮಧುಗಿರಿಯ ಯಂತ್ರ ಕೆಟ್ಟಿದ್ದರಿಂದ ಸಿರಾಕ್ಕೆ ಹೋದೆವು. ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು ವಯಸ್ಸಾದ ಸಾಬರು. ಮಗು ಅಳಬಾರದು, ಅಲುಗಲೂಬಾರದು ಎಂದು ನಾನು ಎರಡು ಸಲ ಹೇಳಿದೆ. ಅವರು ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚೊಂದನ್ನು ಹಚ್ಚಿ ಅದರ ಮುಖವನ್ನು ಒಂದೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದರು. ಕತ್ತಲಲ್ಲಿ ಅವರ ಬೆರಳುಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದವು.

"ದೇಖೋ ಬೇಟಿ, ಕೈ ಒಳಗೆ ದೀಪ ಐತೆ," ಅಂದರು.

ಮಗಳು ಉಸಿರು ಬಿಗಿಹಿಡಿದು ನೋಡಿದಳು. ಅವರಿಗೆ ಬೇಕಾಗಿದ್ದದ್ದೂ ಅದೇ. ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ಬಚ್ಚಿ ಆರಾಮಾಗವಳೆ ಸಾಹೇಬ್ರೇ. ನಿಮ್ದೇ ಗಡಿಬಿಡಿ. ಒಳಗೆ ಬಂದಾಗಿಂದ ಎಷ್ಟು ಸಲ ವಾಚ್ ನೋಡಿದ್ರಿ?" ಎಂದು ಕೇಳಿದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ರಕ್ತಪರೀಕ್ಷೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮಧುಗಿರಿಯ ಆಸ್ಪತ್ರೆಯಲ್ಲಿ ಸೂಜಿ ತಾಗಿದೊಡನೆ ಅತ್ತಳು. ಅತ್ತಿದ್ದೇ ಶಾಯಿ. ಕುತ್ತಿಗೆ ಹಿಂದಕ್ಕೆ ವಾಲಿತು. ಹೆಂಡತಿ ಮೊಣಕಾಲು ಮಡಿಸಿ ಹಿಡಿದುಕೊಂಡು ವರಾಂಡದ ಉದ್ದಕ್ಕೂ ತಿರುಗಿದಳು, ನಾನು ಪಕ್ಕದಲ್ಲಿ ವಾಚ್ ಹಿಡಿದು ನಡೆದೆ. ಹನ್ನೊಂದು ನಿಮಿಷ. ಸೀಸೆಗೆ ರಕ್ತ ಸಿಕ್ಕಿರಲಿಲ್ಲ. "ಇನ್ನು ಇಲ್ಲಿ ಸೂಜಿ ಬೇಡ," ಅಂದರು ಡಾಕ್ಟರು. ಅವರೇ ಬೆಂಗಳೂರಿನ ಹೃದಯದ ಡಾಕ್ಟರಿಗೆ ಕಾಗದ ಬರೆದರು. ಆಷಾಢದಲ್ಲಿ ಒಂದು ದಿನ ಬರಲು ಉತ್ತರ ಬಂತು.

ಆ ದಿನಕ್ಕೆ ಇನ್ನು ಮೂರು ದಿನವಿದ್ದಾಗ ನಾನು ಪಾವಗಡದಲ್ಲಿದ್ದೆ. ಕುಡಿಯುವ ನೀರಿನ ಬಗ್ಗೆ ಒಂದು ಸಭೆಯಿತ್ತು. ಯಾರು ಏನೆಂದರೆಂದು ಬರೆದುಕೊಳ್ಳುತ್ತಿದ್ದೆನೇ ಹೊರತು ಕಿವಿ ಅಲ್ಲಿರಲಿಲ್ಲ. ಸಭೆಯ ನಡುವೆ ಎದ್ದು ಹೋಗಿ ಪಕ್ಕದ ಮನೆಗೆ ಟ್ರಂಕ್ ಕಾಲ್ ಬುಕ್ ಮಾಡಿದೆ, ಸಿಗಲಿಲ್ಲ. ರಾತ್ರಿ ಅಲ್ಲೇ ಉಳಿಯಬೇಕಾಯಿತು. ಮರುದಿನ ಮೊದಲ ಬಸ್ಸು ಹಿಡಿದು ಮನೆಗೆ ಬಂದಾಗ ನಡುಮನೆಯಲ್ಲಿ ನನ್ನ ಅತ್ತೆ ಕೂತಿದ್ದರು. ನಿಡುಗಲ್ಲಿನ ಬೆಟ್ಟದ ಕೆಳಗಿನ ಊರು ಅವರದು. ಮೊಮ್ಮಗಳನ್ನು ಬೆಂಗಳೂರಿಗೆ ಕರೆದೊಯ್ಯುವ ಮುಂಚೆ ನೋಡಲು ಹಿಂದಿನ ದಿನ ಬಂದಿದ್ದರು. ತೊಡೆಯ ಮೇಲೆ ಮಗಳು ಮಲಗಿದ್ದಳು. ಅವಳ ಕೈಕಾಲಿನ ಇಪ್ಪತ್ತೂ ಬೆರಳುಗಳ ತುದಿಗೆ ಹಸಿರು ಟೋಪಿ, ಅದರ ಮೇಲೆ ಬಟ್ಟೆಯ ಚಿಂದಿ ಸುತ್ತಿತ್ತು.

"ಇದೇನತ್ತೆ?"

"ಗೋರಿಂಟಾಕು ಅಳಿಯಂದ್ರೇ," ಅಂದರು ಅತ್ತೆ. ಅವರ ಕನ್ನಡದಲ್ಲಿ ಅರ್ಧ ತೆಲುಗು. "ಆಷಾಢದಾಗೆ ಇಕ್ಕಬೇಕು ಕದಾ. ನಮ್ಮ ಕಡೆ ಕೂಸಿನಿಂದ ಮುದುಕಿ ಗಂಟ ಎಲ್ಲರ್ಗೂ ಇಕ್ತಾರೆ. ಪಾಪ ಅಷ್ಟು ದೂರ ಹೋಗ್ತದೆ, ಬರೀ ಕೈಯಾಗೆ ಕಳಿಸ್ಲಾ?"

"ಡಾಕ್ಟರು ಉಗುರು ನೋಡ್ಬೇಕು ಅಂತ ನಿಮಗೆ ಗೊತ್ತಿಲ್ವಾ?"

"ಉಗುರು ಎಲ್ಲಿಗೆ ಹೋಯ್ತು? ಅಲ್ಲೇ ಐತಲ್ಲಾ!"

ಚಿಂದಿ ಬಿಚ್ಚಿ ನೋಡಿದೆ. ಒಣಗಿದ ಸೊಪ್ಪು ಉದುರಿತು. ಕೆಳಗೆ ಗೋರಂಟಿ ಕಡುಗೆಂಪಾಗಿ ಹಿಡಿದಿತ್ತು. ಸೋಪು ಹಾಕಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ನಿಂಬೆಹೋಳಿನಿಂದ ಉಜ್ಜಿದೆ. ಮಗಳು ಮುಖ ಸಿಂಡರಿಸಿದಳು. ಅಳುತ್ತಾಳೆಂದು ಕೈಬಿಟ್ಟೆ. ಅತ್ತೆ ಹಿಂದಿನಿಂದ, "ಬಲೇ ಎದ್ದೈತೆ ಬಣ್ಣ. ಅಪ್ಪನ ಪ್ರೀತಿ ಜಾಸ್ತಿ ಇದ್ರೇನೇ ಇಂಗೆ ಏಳೋದು," ಅಂದರು. ನನಗೆ ಬಂದ ಸಿಟ್ಟನ್ನು ನುಂಗಿಕೊಂಡೆ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಆ ದಿನ ನೋಟ್‌ಬುಕ್ಕಿನಲ್ಲಿ "ಉಗುರು ಕಾಣುವುದಿಲ್ಲ" ಎಂದು ಬರೆದೆ. ಅಲ್ಲಿಂದ ಮುಂದೆ ನಾಲಿಗೆ ನೋಡತೊಡಗಿದೆ. ಮಗಳಿಗೆ "ಆ" ಅನ್ನುವುದನ್ನು ಕಲಿಸಲು ಒಂದು ಇಡೀ ದಿನ ಹಿಡಿಯಿತು.

ಬೆಂಗಳೂರಿಗೆ ಹೊರಟದ್ದು ಬೆಳಿಗ್ಗೆ ಆರರ ಬಸ್ಸಿಗೆ, ನಾವು ಮೂವರೇ. ಕೊರಟಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಗಳ ನೀರಿನ ಬಾಟಲಿ ತುಂಬಿಸಲು ಕೆಳಗಿಳಿದೆ. ಹಿಂತಿರುಗಿ ಬಂದು, "ಆ ಅನ್ನು ಪುಟ್ಟಿ," ಅಂದೆ. ಅಂದಳು. ನಾಲಿಗೆ ಶಾಯಿ.

ಬಾಟಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳನ್ನು ಹೆಂಡತಿಯ ತೊಡೆಯಿಂದ ಕಿತ್ತುಕೊಂಡು ಮೊಣಕಾಲು ಮಡಿಸಿ ಎದೆಗೆ ಒತ್ತಿ, "ಬಸ್ ಬಿಡ್ಬೇಡಿ, ಇಲ್ಲೇ ಆಸ್ಪತ್ರೆಗೆ ಹೋಗ್ಬೇಕು," ಎಂದು ಕಂಡಕ್ಟರಿಗೆ ಕೂಗಿದೆ. ಆಟವಾಡಿಕೊಂಡಿದ್ದ ಮಗು ಬೆಚ್ಚಿಬಿದ್ದು ತುಟಿ ಮಡಚಿ ಅಳಲು ಶುರುಮಾಡಿತು.

"ರೀ, ಬಿಡ್ರೀ ಅವಳನ್ನ!" ಹೆಂಡತಿ ತನ್ನ ಅಂಗೈ ನನ್ನ ಮುಖದ ಮುಂದೆ ಹಿಡಿದಳು. ಅದರಲ್ಲಿ ಒಂದು ನೇರಳೆ ಬೀಜವಿತ್ತು.

ಪಕ್ಕದಲ್ಲಿ ಕೂತಿದ್ದ ಮುದುಕಿ ಬುಟ್ಟಿ ಎದೆಗವಚಿಕೊಂಡು, "ಅಯ್ಯೋ, ನೇರ್ಲೆಹಣ್ಣು ಕಣಪ್ಪ! ಕೈ ಚಾಚ್ತು ಅಂತ ಒಂದೇ ಒಂದು ಕೊಟ್ಟೆ. ಬೀಜಾನೂ ತೆಗ್ಸಿದ್ಲು ನಿನ್ನ ಹೆಂಡ್ರು. ಹಿಂಗ್ ಮೈಮೇಲ್ ಬೀಳ್ತಾರಾ ಮಗೀನ?" ಅಂದಳು.

"ಏನ್ ಸ್ವಾಮಿ, ಊರಿನ ಸುದ್ದಿಯೆಲ್ಲ ವಿಚಾರಿಸಿ ಬರೆಯೋರು ನೀವು," ಅಂದ ಕಂಡಕ್ಟರು. "ಮನೇದನ್ನೂ ಒಂದ್ ಮಾತು ವಿಚಾರಿಸ್ಬಾರ್ದಾ?" ಬಸ್ಸು ನಕ್ಕಿತು. ಅವನು ವಿಷಲ್ ಹೊಡೆದ.

ಹೆಂಡತಿ ಮಗುವನ್ನು ವಾಪಸು ಇಸಿದುಕೊಂಡು ಕಿಟಕಿಯಾಚೆಯ ಕೋತಿ ತೋರಿಸಿದಳು. ಅಳು ಒಂದು ನಿಮಿಷಕ್ಕೆ ನಿಂತಿತು. ಆ ಒಂದು ನಿಮಿಷದಲ್ಲಿ ಉಗುರನ್ನೂ ನಾಲಿಗೆಯನ್ನೂ ನೋಡುವಂತಿರಲಿಲ್ಲ. ಬರಿಯ ಉಸಿರು ಎಣಿಸಿದೆ. ಇಲ್ಲದ ನೀಲಿಯನ್ನು ಆ ಹೊತ್ತು ನಾನೇ ತರುವವನಿದ್ದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗಳು ಡಾಕ್ಟರನ್ನು ಕಂಡೊಡನೆ ಕೈ ಚಾಚಿದಳು. ಅವರು ಹತ್ತೂ ಬೆರಳು ನೋಡಿದರು. ಚಪ್ಪಲಿ ಬಿಚ್ಚಿಸಿ ಕಾಲ ಬೆರಳು ನೋಡಿದರು. ಬಾಯಿ ತೆರೆಸಿದರು. "ನೋಡೋಕೆ ಒಂದು ಜಾಗಾನೂ ಬಿಟ್ಟಿಲ್ವಲ್ರೀ," ಅಂದರು. ಅವರು ನಗಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದರು. ನನ್ನ ನೋಟ್‌ಬುಕ್ಕನ್ನು ತಿರುವಿದರು. ಬದನೆ ಅಂದರೆ ಏನು, ಶಾಯಿ ಅಂದರೆ ಏನು ಎಂದು ಕೇಳಿ ತಿಳಿದುಕೊಂಡರು. ಕೊನೆಯ ಮೂರು ದಿನ ಅಲ್ಲಿ ಉಗುರಿನ ಬಣ್ಣವಿರಲಿಲ್ಲ.

"ರಕ್ತ ತೆಗೀಲೇಬೇಕು," ಅಂದರು.

ಮಧುಗಿರಿಯಲ್ಲಿ ಆದದ್ದನ್ನು ಹೇಳಿದೆವು. ಆಮ್ಲಜನಕದ ಸಿಲಿಂಡರನ್ನು ಪಕ್ಕಕ್ಕೆ ತರಿಸಿಕೊಂಡೇ ಸೂಜಿ ಹಾಕಿಸಿದರು. ಈ ಸಲ ರಕ್ತ ಸಿಕ್ಕಿತು. ಜೊತೆಗೇ ಅಳುವೂ ಬಂತು, ಅಳುವಿನ ಹಿಂದೆ ಅದೂ ಬಂತು. ತುಟಿ, ಮೂಗಿನ ತುದಿ, ಕಿವಿ, ಎಲ್ಲವೂ ಒಂದೊಂದಾಗಿ ಬಣ್ಣ ತಿರುಗಿದವು. ಗೋರಂಟಿಯಾಗಲಿ ನೇರಳೆಯಾಗಲಿ ಅದನ್ನು ಮುಚ್ಚುವಂತಿರಲಿಲ್ಲ. ಹೆಂಡತಿ ಮೊಣಕಾಲು ಮಡಿಸಿದಳು. ನನ್ನ ಕೈ ತಾನಾಗಿ ವಾಚಿನ ಕಡೆ ಹೋಯಿತು.

"ವಾಚ್ ನಾನು ನೋಡ್ತೀನಿ," ಅಂದರು ಡಾಕ್ಟರು. "ನೀವು ಅವಳ ತಲೆ ಹಿಡೀರಿ."

ಹಿಡಿದೆ. ಎಷ್ಟು ನಿಮಿಷವೆಂದು ಇವತ್ತಿಗೂ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಅಳತೆಯಿಲ್ಲದೆ ಉಳಿದದ್ದು ಅದೊಂದೇ.

ಬಣ್ಣ ಇಳಿದ ಮೇಲೆ ಡಾಕ್ಟರು ಕೂತು ಮಾತಾಡಿದರು. ಕಾಯುವಂತಿರಲಿಲ್ಲ. ತೊಡೆಯ ರಕ್ತನಾಳದಿಂದ ಹೃದಯದವರೆಗೆ ತೆಳುವಾದ ಒಂದು ನಳಿಕೆ ಬಿಟ್ಟು, ಬಣ್ಣದ ದ್ರವ ಹಾಯಿಸಿ ಚಿತ್ರ ತೆಗೆಯಬೇಕು. ಶ್ವಾಸಕೋಶದ ರಕ್ತನಾಳಗಳು ಸಾಕಷ್ಟು ದಪ್ಪವಿದ್ದರೆ ಆಪರೇಷನ್ ಆಗುತ್ತದೆ, ತೀರಾ ಸಣ್ಣವಿದ್ದರೆ ಆಗುವುದಿಲ್ಲ. ಪರೀಕ್ಷೆಗೆ ಹಾಸಿಗೆ ಸಿಗುವುದು ದಸರಾ ಕಳೆದ ಮೇಲೆ. ಅಲ್ಲಿಯತನಕ ಕೊಡಲು ಒಂದು ಔಷಧಿ ಬರೆದುಕೊಟ್ಟರು.

"ಬರೋವಾಗ ಆ ಬಣ್ಣ ಹೋಗಿರ್ಲಿ," ಅಂದರು. "ಅರಿವಳಿಕೆ ಕೊಡೋರು ಉದ್ದಕ್ಕೂ ಉಗುರೇ ನೋಡ್ತಿರ್ತಾರೆ. ಅದಿಲ್ಲ ಅಂದ್ರೆ ಅವರು ಒಪ್ಪಲ್ಲ, ಇನ್ನೊಂದು ದಿನ ಬನ್ನಿ ಅಂತಾರೆ."

ಹಿಂತಿರುಗುವ ಬಸ್ಸಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ತುಮಕೂರು ದಾಟಿದ ಮೇಲೆ ನಾನು ಅತ್ತೆಯ ಬಗ್ಗೆ ಏನೋ ಅಂದೆ. ಹೆಂಡತಿ ಕಿಟಕಿಯಿಂದ ಮುಖ ತಿರುಗಿಸದೆ, "ಅಮ್ಮ ಕೇಳಿದ್ಲು, ಹಾಕ್ಲಾ ಬೇಡ್ವಾ ಅಂತ. ನಾನೇ ಹಾಕು ಅಂದೆ," ಅಂದಳು.

"ಗೊತ್ತಿದ್ದೂ?"

"ಹೂಂ. ನಾಲ್ಕು ದಿನ ನೀವು ಅವಳ ಕೈ ಹಿಡ್ಕೊಂಡ್ರೆ ಸುಮ್ನೆ ಹಿಡ್ಕೊಳ್ಲಿ ಅನ್ನಿಸ್ತು. ತೊಳೆದ್ರೆ ಹೋಗ್ತದೆ ಅಂದ್ಕೊಂಡಿದ್ದೆ. ಚರ್ಮದ್ದು ಹೋಗೋ ಹಂಗೆ ಉಗುರಿಂದೂ ಹೋಗ್ತದೆ ಅಂತ. ನಂದೇ ತಪ್ಪು."

ಕೊರಟಗೆರೆಯಲ್ಲಿ ಬಸ್ಸು ನಿಂತಿತು. ನಾನು ಇಳಿದು ನೀರಿಗೆ ಹೊಸ ಬಾಟಲಿ ತಂದೆ.

ಗೋರಂಟಿ ಚರ್ಮದಿಂದ ಎರಡು ವಾರದಲ್ಲಿ ಬಿಟ್ಟಿತು. ಉಗುರಿನದು ಉಗುರು ಬೆಳೆದಷ್ಟೇ ಸರಿಯಬೇಕು. ಶ್ರಾವಣದಲ್ಲಿ ಪ್ರತಿ ಉಗುರಿನ ಬುಡದಲ್ಲೂ ಬೂದಿಯ ಒಂದು ಗೆರೆ ಕಂಡಿತು. ಇಷ್ಟು ದಿನ ಯಾವುದನ್ನು ಕಾಣಬಾರದು ಎಂದು ಬಯಸುತ್ತಿದ್ದೆನೋ ಅದರ ದಾರಿಯನ್ನೇ ಈಗ ಕಾಯುತ್ತಿದ್ದೆ. ಹುಲಿಕುಂಟೆಯಲ್ಲಿ ಕುರಿಗಳಿಗೆ ರೋಗ ಬಂದ ಸುದ್ದಿ ಬರೆಯಲು ಹೋದಾಗ ಕುರಿಯವರೊಬ್ಬರು ಕುರಿಯ ತುಟಿ ಮಡಚಿ ವಸಡಿನ ಬಣ್ಣ ತೋರಿಸಿದರು. "ಇದ್ ನೋಡ್ಕೊಂಡೇ ನಾವು ಹೇಳ್ಬುಡ್ತೀವಿ ಸ್ವಾಮಿ, ಇದು ಉಳೀತದೆ, ಇದು ಉಳಿಯಾಕಿಲ್ಲ ಅಂತ." ನಾನು ಅದನ್ನು ಬರೆದುಕೊಂಡೆ. ಮಿಕ್ಕ ಪ್ರಶ್ನೆಗಳನ್ನು ಕೇಳದೆ ಬಸ್ಸು ಹತ್ತಿದೆ.

ದಸರಾ ಕಳೆಯಿತು. ಶನಿವಾರ ಪರೀಕ್ಷೆ, ಶುಕ್ರವಾರ ಹೋಗಿ ಸೇರಬೇಕೆಂದು ಕಾಗದ ಬಂತು. ಅತ್ತೆ ಈ ಸಲ ಜೊತೆಗೆ ಬರುವುದಾಗಿ ಮೊದಲೇ ಬಂದು ಕೂತಿದ್ದರು. ಬಂದಾಗಿಂದ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಶುಕ್ರವಾರ ಬೆಳಗಾದ ಮೇಲೆ, ಚೀಲ ಕಟ್ಟುವಾಗ ಮಗಳ ಕೈ ನೋಡಿದೆ. ಉಗುರಿನ ತುದಿಗಳಲ್ಲಿ ಕೆಂಪು ಇನ್ನೂ ಸಣ್ಣ ಚಂದ್ರನಂತೆ ಉಳಿದಿತ್ತು. ಹಿಂದಿನ ದಿನವೇ ಕತ್ತರಿಸಬೇಕಿತ್ತು. ಗಡಿಬಿಡಿಯಲ್ಲಿ ಮೂವರೂ ಮರೆತಿದ್ದೆವು. ಶುಕ್ರವಾರ ಉಗುರು ತೆಗೆಯುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅತ್ತೆಯ ಮನೆಯಲ್ಲಂತೂ ಆ ಮಾತನ್ನು ಬಾಯಲ್ಲಿ ಆಡುವಂತೆಯೂ ಇರಲಿಲ್ಲ.

ಹೆಂಡತಿ ನನ್ನನ್ನು ನೋಡಿದಳು.

ಅತ್ತೆ ಎದ್ದು ಗೂಡಿನಿಂದ ಕತ್ತರಿ ತೆಗೆದುಕೊಂಡು, ಮಗಳನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಹೋಗಿ ಕೂತರು.

"ಅಮ್ಮಾ, ಇವತ್ತು ಶುಕ್ರವಾರ," ಅಂದಳು ಹೆಂಡತಿ.

"ಸುಮ್ಕಿರೇ. ಲಕ್ಷ್ಮಿ ಹೋದ್ರೆ ಹೋಗ್ಲಿ, ಇದು ಉಳೀಲಿ," ಎಂದು ಒಂದೊಂದೇ ಬೆರಳು ಹಿಡಿದು ಕತ್ತರಿಸಿದರು. ಎಲ್ಲಿಯೂ ಚರ್ಮಕ್ಕೆ ತಾಗಿಸಲಿಲ್ಲ. ಕೆಂಪು ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡರು. ಅವನ್ನು ಎಲ್ಲಿ ಹಾಕಿದರೋ ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅರಿವಳಿಕೆಯ ಡಾಕ್ಟರಮ್ಮ ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರು ಕೇಳುವ ಮೊದಲೇ ಮಗಳು ಬಲಗೈ ಚಾಚಿ ಐದು ಬೆರಳು ಬಿಡಿಸಿದಳು. ಡಾಕ್ಟರಮ್ಮ ಹೆಬ್ಬೆರಳಿನ ಉಗುರು ಒತ್ತಿ, ಬಿಟ್ಟು, ಬಣ್ಣ ಮರಳುವುದನ್ನು ನೋಡಿದರು. "ಚೆನ್ನಾಗಿ ಕಾಣ್ತಿದೆ," ಎಂದು ಎತ್ತಿಕೊಂಡು ಒಳಗೆ ಹೋದರು. ಅವಳು ಅಳಲಿಲ್ಲ. ಅವರ ಹೆಗಲ ಮೇಲಿನಿಂದ ನಮ್ಮನ್ನೇ ನೋಡುತ್ತ ಹೋದಳು.

ಒಳಗೆ ಒಂದೂಮುಕ್ಕಾಲು ಗಂಟೆ. ಇದಕ್ಕೆ ವಾಚ್ ನೋಡಿದ್ದೆ. ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಮೆಟ್ಟಿಲು ಇಳಿದು ಗೇಟಿನವರೆಗೆ ಹೋಗುವುದು, ಹತ್ತಿ ಬರುವುದು. ನಾಲ್ಕನೆಯ ಸಲ ಹತ್ತಿ ಬಂದಾಗ ಹೃದಯದ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. "ರಕ್ತನಾಳ ಸಾಕಷ್ಟು ದಪ್ಪ ಇವೆ. ಮಾಡಬಹುದು," ಅಂದರು. ಹೆಂಡತಿ ಅದನ್ನು ಇನ್ನೊಂದು ಸಲ ಹೇಳಿಸಿದಳು.

ಆಪರೇಷನ್ ಸಂಕ್ರಾಂತಿ ಕಳೆದು ಆಯಿತು. ಅವಳು ಉಳಿದಳು, ಬೆಳೆದಳು. ಆಷಾಢದಲ್ಲಿ ತನ್ನ ಕೈಗೆ ತಾನೇ ಗೋರಂಟಿ ಅರೆದು ಹಚ್ಚಿಕೊಳ್ಳುವಷ್ಟು ದೊಡ್ಡವಳಾದಳು.

ಆದರೆ ಆ ಶನಿವಾರ ಮಧ್ಯಾಹ್ನ ಅದೆಲ್ಲ ಇನ್ನೂ ಆಗಿರಲಿಲ್ಲ. ತೊಡೆಗೆ ದಪ್ಪ ಪಟ್ಟಿ ಕಟ್ಟಿ ಮಲಗಿಸಿದ್ದರು. ಅರೆ ಎಚ್ಚರದಲ್ಲಿ ಕಣ್ಣು ತೆರೆದವಳು ನನ್ನನ್ನು ಕಂಡು ಕೈ ಚಾಚಿದಳು. ಹೆಂಡತಿ ನನ್ನ ಕಡೆ ನೋಡುತ್ತಿದ್ದಳು. ಕೈ ಹಿಡಿದುಕೊಂಡೆ. ಉಗುರು ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದೆ. ಬದನೆಗೂ ಬೂದಿಗೂ ನಡುವೆ ಇತ್ತು. ನೋಟ್‌ಬುಕ್ಕು ಚೀಲದಲ್ಲಿತ್ತು, ತೆಗೆಯಬೇಕಾದರೆ ಕೈ ಬಿಡಬೇಕಿತ್ತು. ಬಿಡಲಿಲ್ಲ.